ನಾಲ್ಕು ಸ್ಕ್ರೂಗಳ ಕೆಳಗೆ

‘ನಕಲಿಯಾಗಿರಲಿ ದೇವರೇ, ಒಂದಾದರೂ ನಕಲಿಯಾಗಿರಲಿ!’

ಬೆಸುಗೆಯಕ್ಕ ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಪೊಲೀಸ್ ಠಾಣೆಯ ಮೇಜಿನ ಮೇಲೆ ಕಂಬಳಿ ಹಾಸಿ ಅಂಗಾತ ಮಲಗಿಸಿದ್ದ ಎಲೆಕ್ಟ್ರಿಕ್ ಗಿಟಾರಿನ ಆರನೆಯ ಸ್ಕ್ರೂ ಬಿಚ್ಚುತ್ತ ಮನಸ್ಸಿನಲ್ಲೇ ಬೇಡಿಕೊಂಡಳು. ಬಿಚ್ಚಿದ್ದನ್ನು ಮೊಟ್ಟೆ ಟ್ರೇಯ ಆರನೆಯ ಗುಳಿಗೆ ಹಾಕಿದಳು. ಯಾವ ಸ್ಕ್ರೂ ಯಾವ ತೂತಿನದು ಎಂಬುದು ಅದಲುಬದಲಾಗಬಾರದು. ಬೆಳಿಗ್ಗೆ ಮನೆಯಿಂದ ಹೊರಡುವ ಗಾಬರಿಯಲ್ಲಿ ಕನ್ನಡಕ ಮರೆತು ಮತ್ತೆ ಒಳಗೆ ಓಡಿದ್ದಳು, ಟ್ರೇ ಮಾತ್ರ ಮರೆತಿರಲಿಲ್ಲ.

ಮೂವತ್ತು ವರ್ಷದ ಗಿಟಾರು ರಿಪೇರಿಯ ಕಸುಬಿನಲ್ಲಿ ಇಂಥ ಬೇಡಿಕೆ ಇದೇ ಮೊದಲು. ಹಳೆಯ ಗಿಟಾರನ್ನು ಎದೆಗವಚಿಕೊಂಡು ಬಂದವರಿಗೆ “ಈ ಪಿಕಪ್ ಆಮೇಲೆ ಹಾಕಿದ್ದು”, “ಈ ಬಣ್ಣ ಎರಡನೇ ಸಲದ್ದು” ಎಂದು ಹೇಳಿ, ಅವರ ಆಸೆಗೆ ತಣ್ಣೀರೆರಚಿ ಕಳಿಸುವುದೇ ಅವಳ ಕೆಲಸವಾಗಿತ್ತು. ಹಾಗೆ ಹೇಳಿಸಿಕೊಂಡವರು ಅವಳ ಬೆನ್ನ ಹಿಂದೆ ಏನೇನು ಅಂದರೋ, ಇವತ್ತು ಅದೆಲ್ಲ ತಟ್ಟಿತೇನೋ ಅನ್ನಿಸಿತು.

ತಂತಿ ತಾತ ತಮ್ಮ ಮನೆಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದು ಹತ್ತು ದಿನ ಆಗಿತ್ತು. ಅಂದೇ ಕಾಣೆಯಾಗಿದ್ದ ಅವರ ಅರವತ್ತು ವರ್ಷದ ಗಿಟಾರಿನಂಥದೇ ಒಂದು, ಮೊನ್ನೆ ಬೆಸುಗೆಯಕ್ಕನ ತಮ್ಮನ ಮಂಚದ ಕೆಳಗೆ ಸಿಕ್ಕಿತ್ತು.

“ಅಲ್ಲಿ ಇಲ್ಲಿ ಸಿಕ್ಕ ಬಿಡಿಭಾಗ ಜೋಡಿಸಿ ನಾನೇ ಕಟ್ಟಿದ್ದು ಸಾರ್,” ಎಂದಿದ್ದ ತಮ್ಮ. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಹಿಂಬದಿಯ ತಗಡಿನ ಮೇಲೆ ಇರಬೇಕಾದ ನಂಬರನ್ನು ಯಾರೋ ಅರದಿಂದ ತೀಡಿ ಅಳಿಸಿದ್ದರು. ಫೋಟೋ ತೆಗೆದರೆ ಕಳ್ಳರಿಗೆ ವಿಳಾಸ ಕೊಟ್ಟಂತೆ ಎಂದು ನಂಬಿದ್ದ ತಾತ ಒಂದು ಚಿತ್ರವನ್ನೂ ಇಟ್ಟಿರಲಿಲ್ಲ. ಹಾಗಾಗಿ ಉಳಿದಿದ್ದು ಒಂದೇ ದಾರಿ. ಒಳಗೆ ಒಂದು ಭಾಗ ನಕಲಿಯೋ, ಬೇರೆ ಕಾಲದ್ದೋ ಆಗಿದ್ದರೆ ತಮ್ಮನ ಮಾತು ನಿಲ್ಲುತ್ತದೆ. ಎಲ್ಲವೂ ಅಸಲಿಯಾಗಿದ್ದರೆ ಅದು ತಾತನದೇ ಗಿಟಾರು, ತಮ್ಮ ಕಳ್ಳ. ಕಳ್ಳನಾದ ಮೇಲೆ ಮೆಟ್ಟಿಲಿನಿಂದ ತಳ್ಳಿದವನೂ ಅವನೇ ಆಗುವುದಕ್ಕೆ ಎಷ್ಟು ಹೊತ್ತು ಬೇಕು?

“ಒಡಹುಟ್ಟಿದವಳು ನಾನು. ನನ್ನ ಕೈಲಿ ಯಾಕೆ ಸಾರ್ ಇದನ್ನ ಮಾಡಿಸ್ತೀರ?” ಎಂದು ಬಂದ ಕೂಡಲೇ ಕೇಳಿದ್ದಳು.

ಇನ್ಸ್‌ಪೆಕ್ಟರ್ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. “ಅದಕ್ಕೇ ಕರೆಸಿದ್ದು ಅಕ್ಕ. ಈ ಊರಲ್ಲಿ ಇದನ್ನ ಬಲ್ಲವರು ಇಬ್ಬರು. ಒಬ್ಬ ಒಳಗಿದಾನೆ. ನೀವು ಸುಳ್ಳು ಹೇಳಿದ್ರೆ ಹೊರಗಿಂದ ಇನ್ನೊಬ್ಬರನ್ನ ಕರೆಸಿ ಹಿಡೀತೀನಿ. ನಿಜ ಹೇಳಿದ್ರೆ, ಸ್ವಂತ ಅಕ್ಕನೇ ಹೇಳಿದಾಳೆ ಅಂತ ಕೋರ್ಟು ನಂಬುತ್ತೆ. ಎರಡರಲ್ಲಿ ಏನಾದ್ರೂ ನನಗೆ ಲಾಭಾನೇ.”

ಇಷ್ಟು ನೇರವಾಗಿ ಹೇಳಿದವರ ಮೇಲೆ ಸಿಟ್ಟಾದರೂ ಹೇಗೆ ಬಂದೀತು?

ಕೋಣೆಯ ಮೂಲೆಯಲ್ಲಿ ಮಹಿಳಾ ಪೇದೆಯೊಬ್ಬಳು ಸ್ಟೂಲಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಅದನ್ನೇ ಕಾಯುತ್ತಿದ್ದಳು. ಸಣ್ಣ ಸ್ಕ್ರೂಗಳು ಉರುಳಿ ಹೋದಾವೆಂದು ಫ್ಯಾನು ನಿಲ್ಲಿಸಿದ್ದರು. ಎಲ್ಲರ ಕುತ್ತಿಗೆಯಲ್ಲೂ ಬೆವರು. ಒಬ್ಬರು ಮಾತ್ರ ಇಸ್ತ್ರಿ ಕೆಡದಂತೆ ಕೂತಿದ್ದರು: ತಂತಿ ತಾತನ ಅಳಿಯ ದೇವರು. ಮಾವನ ಮನೆಯಲ್ಲೇ ಹನ್ನೆರಡು ವರ್ಷದಿಂದ ಬೀಡುಬಿಟ್ಟವರು. ಅಳಿಯ ಮನೆ ತೊಳಿಯ ಎಂಬ ಗಾದೆ ಕಟ್ಟಿದವರು ಯಾರೋ ಇವರನ್ನು ಮುಂಚೆಯೇ ಕಂಡಿದ್ದಿರಬೇಕು. ಮಡಿಲಲ್ಲಿ ವಿಮೆಯ ಫೈಲು ಇಟ್ಟುಕೊಂಡು ನಿಮಿಷಕ್ಕೊಮ್ಮೆ ಬೆರಳಿನ ನೆಟಿಕೆ ಮುರಿಯುತ್ತಿದ್ದರು.

“ನಿಧಾನವಾಗಿ ಅಕ್ಕ, ನಿಧಾನವಾಗಿ. ನಮ್ಮ ಮಾವನವರು ಅದನ್ನ ಯಾರ ಕೈಗೂ ಕೊಟ್ಟೋರಲ್ಲ. ತಂತೀನೂ ಅವರೇ ಬದಲಾಯಿಸೋರು. ಒಂದು ಸ್ಕ್ರೂ ಕೂಡ ತಿರುಗಿಸಿಲ್ಲ ಅಂತ ವಿಮೆ ಕಾಗದದಲ್ಲೇ ಸೈನ್ ಮಾಡಿದೀವಿ.”

ಹನ್ನೊಂದನೆಯ ಸ್ಕ್ರೂ ಟ್ರೇಗೆ ಬಿತ್ತು. ಮುಂದಿನ ಪ್ಲಾಸ್ಟಿಕ್ ಫಲಕವನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿದಳು.

ಹಳೆಯ ಗಿಟಾರಿನ ಬೆಲೆ ಹೊರಗಿನ ಹೊಳಪಿನಲ್ಲಿಲ್ಲ, ಹೊಟ್ಟೆಯೊಳಗಿದೆ. ಹೊರಗಿನದನ್ನು ಯಾರು ಬೇಕಾದರೂ ಹಳೆಯದು ಮಾಡಿಯಾರು. ಸರಪಳಿಯಲ್ಲಿ ಹೊಡೆದು ಗಾಯ ಮಾಡುವವರಿದ್ದಾರೆ, ಹೊಗೆ ಹಿಡಿದು ಹಳದಿ ಮಾಡುವವರಿದ್ದಾರೆ. ಒಳಗೆ ಕೈಯಾಡಿಸಿದವನ ಗುರುತು ಮಾತ್ರ ಅಳಿಸುವುದಿಲ್ಲ.

ಮೊದಲು ಫಲಕ. ಬಿಳಿಯದಾಗಿದ್ದದ್ದು ತೆಳು ಹಸಿರಿಗೆ ತಿರುಗಿತ್ತು, ಕುಗ್ಗಿತ್ತು, ಒಂದು ಸ್ಕ್ರೂ ತೂತಿನಿಂದ ಅಂಚಿನವರೆಗೆ ಕೂದಲಿನಷ್ಟು ಬಿರುಕು ಬಿಟ್ಟಿತ್ತು. ಆ ಕಾಲದ ಪ್ಲಾಸ್ಟಿಕ್ಕಿಗೆ ಮಾತ್ರ ಬರುವ ಮುಪ್ಪು ಅದು.

“ಅಸಲಿ,” ಎಂದಳು. ಇನ್ಸ್‌ಪೆಕ್ಟರ್ ಬರೆದುಕೊಂಡರು.

ಆಮೇಲೆ ದನಿ ಏರಿಳಿಸುವ ತಿರುಗಣೆಗಳ ಕೆಳಗಿನ ಪುಟ್ಟ ಡಬ್ಬಿಗಳು. ಅವುಗಳ ಬೆನ್ನ ಮೇಲೆ ಒತ್ತಿದ ಅಂಕಿಗಳಲ್ಲಿ ತಯಾರಾದ ವರ್ಷವೂ ವಾರವೂ ಇರುತ್ತದೆ. ಭೂತಗನ್ನಡಿ ಹಿಡಿದು ಓದಿದಳು. ಮೂರೂ ಒಂದೇ ವರ್ಷ. ಎರಡು ಒಂದೇ ವಾರ. ಬಿಡಿಭಾಗ ಆರಿಸಿ ಜೋಡಿಸಿದವನಿಗೆ ಇಂಥ ಅದೃಷ್ಟ ಏಳು ಜನ್ಮಕ್ಕೂ ಒದಗುವುದಿಲ್ಲ.

“ಅಸಲಿ.”

ಇನ್ನು ಬೆಸುಗೆ. ಅವಳಿಗೆ ಹೆಸರು ತಂದುಕೊಟ್ಟದ್ದೇ ಅದು. ತಂತಿಗಳು ಸೇರುವ ಪ್ರತಿ ಗಂಟನ್ನೂ ದೀಪ ಹಿಡಿದು ನೋಡಿದಳು. ಎಲ್ಲಾದರೂ ಒಂದು ಕಡೆ ಹೊಸ ಸೀಸದ ಮಿನುಗು ಇದ್ದೀತೆ, ಎಲ್ಲಾದರೂ ಮತ್ತೊಮ್ಮೆ ಕಾಯಿಸಿದ ಕಲೆ ಇದ್ದೀತೆ ಎಂದು ಹುಡುಕಿದಳು. ಮಸುಕು ಬೂದಿ ಬಣ್ಣದ ಗಂಟುಗಳು, ಬಟ್ಟೆ ಸುತ್ತಿದ ತಂತಿಗಳು, ಅರವತ್ತು ವರ್ಷ ಯಾರೂ ಮುಟ್ಟದ ಧೂಳು. ಬೇರೆ ದಿನವಾಗಿದ್ದರೆ ಇಂಥ ಕೆಲಸ ನೋಡಿ ಕೈ ಮುಗಿಯುತ್ತಿದ್ದಳು.

“ಹೇಳಿ ಅಕ್ಕ.”

“ಅಸಲಿ ಸಾರ್.”

ತಂತಿಯ ನಾದ ಹಿಡಿಯುವ ಪಿಕಪ್‌ಗಳ ಅಡಿಯಲ್ಲಿ ಅಂದಿನ ಕೆಲಸಗಾರರು ಬರೆದ ಅಂಕಿ ಹಾಗೇ ಇತ್ತು. ಬಿರಡೆಗಳ ಕೆಳಗೆ ಬೇರೆ ತೂತಿನ ಗುರುತಿರಲಿಲ್ಲ. ಕೊನೆಯ ಆಸೆ ಬಣ್ಣದ ಮೇಲಿತ್ತು. ಪೇದೆ ಕಿಟಕಿಯ ಪರದೆ ಎಳೆದು ದೀಪ ಆರಿಸಿದಳು. ಬೆಸುಗೆಯಕ್ಕ ತನ್ನ ನೇರಳೆ ದೀಪ ಹೊತ್ತಿಸಿದಳು. ಮರುಬಣ್ಣ ಬಳಿದಿದ್ದರೆ ಅದರ ಬೆಳಕಿನಲ್ಲಿ ಕಪ್ಪು ತೇಪೆಗಳು ಎದ್ದು ಕಾಣುತ್ತವೆ. ಇಡೀ ಒಡಲು ಒಂದೇ ಸಮನಾಗಿ ತೆಳು ಹಸಿರು ಹೊಳೆಯಿತು. ಬಣ್ಣ ಹಚ್ಚುವಾಗ ಆಸರೆಗೆಂದು ಕಾರ್ಖಾನೆಯವರು ಹೊಡೆದು ಕಿತ್ತ ಮೊಳೆಗಳ ನಾಲ್ಕು ತೂತುಗಳಲ್ಲಿ ಬಣ್ಣ ತಾಗದ ಮರ ಕಾಣುತ್ತಿತ್ತು. ಮತ್ತೆ ಬಳಿದಿದ್ದರೆ ಅವು ಮುಚ್ಚಿಹೋಗುತ್ತಿದ್ದವು.

ದೀಪ ಹೊತ್ತಿತು. ಯಾರೂ ಕೇಳುವ ಮೊದಲೇ ಅವಳು ತಲೆಯಾಡಿಸಿದಳು. ತಮ್ಮನನ್ನು ಉಳಿಸಲು ಬಂದವಳು ಒಂದೊಂದೇ ಸ್ಕ್ರೂ ಬಿಚ್ಚಿ ಅವನಿಗೇ ಒಂದೊಂದು ಮೊಳೆ ಹೊಡೆಯುತ್ತಿದ್ದಳು. ಸುಳ್ಳು ಹೇಳೋಣವೆಂದರೆ ಕ್ಯಾಮೆರಾ. ಎದ್ದು ಹೋಗೋಣವೆಂದರೆ ಎದುರಿಗೆ ಇನ್ಸ್‌ಪೆಕ್ಟರ್.

“ಬೆಲೆ?” ಇನ್ಸ್‌ಪೆಕ್ಟರ್ ಕೇಳಿದರು.

“ಬಣ್ಣ ಬಳಿದಿದ್ರೆ ಅರ್ಧಕ್ಕರ್ಧ ಹೋಗ್ತಿತ್ತು. ಒಂದು ಪಿಕಪ್ ಬದಲಾಗಿದ್ರೆ ಐದರಲ್ಲಿ ಒಂದು ಪಾಲು. ಬಿರಡೆ ಬದಲಾಗಿದ್ರೆ ಅದಕ್ಕಿಂತ ಕಮ್ಮಿ.”

“ಏನೂ ಬದಲಾಗಿಲ್ವಲ್ಲ.”

“ಇಲ್ಲ.”

“ಹಾಗಾದ್ರೆ?”

“ಒಂದು ಮನೆ ಬರುತ್ತೆ ಸಾರ್. ಎರಡು ಮಹಡಿದು. ಕೊಳ್ಳೋರು ಹುಚ್ಚರಾಗಿದ್ರೆ ಪಕ್ಕದ ಸೈಟೂ ಬರುತ್ತೆ.”

ಪೇದೆ ಬಾಯಿ ತೆರೆದು ಆ ಮರದ ತುಂಡನ್ನು ನೋಡಿದಳು. ಅಳಿಯ ದೇವರು ನೆಟಿಕೆ ಮುರಿಯುವುದನ್ನು ನಿಲ್ಲಿಸಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಮುಗೀತಾ?”

“ಕತ್ತೊಂದು ಬಿಚ್ಚಬೇಕು. ಅದನ್ನ ಒಡಲಿಗೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿರ್ತಾರೆ. ಅದರ ಬುಡದಲ್ಲಿ, ಒಳಗಡೆ, ಕೆಲಸ ಮುಗಿಸಿದವನು ಪೆನ್ಸಿಲ್‌ನಲ್ಲಿ ತಾರೀಕು ಬರೆದಿರ್ತಾನೆ.”

ಅವಳು ಗಿಟಾರನ್ನು ಬೋರಲು ಮಾಡಿದಳು. ಆಗಲೇ ಅಳಿಯ ದೇವರು ಬಾಯಿ ಹಾಕಿದರು.

“ಕೊನೇ ಅಂಕಿ ಒರೆಸಿಹೋಗಿದೆ ಅಂತ ಬೆಲೆ ಇಳಿಸಬೇಡಿ ಅಕ್ಕ. ಹೆಬ್ಬೆರಳು ತಾಗಿ ಆಗಿರೋದು ಅಷ್ಟೇ. ಉಳಿದದ್ದೆಲ್ಲ ಸ್ಪಷ್ಟವಾಗಿದೆ.”

ಸ್ಕ್ರೂಡ್ರೈವರ್ ಹಿಡಿದ ಕೈ ಅಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಎಂದು ಇನ್ನೂ ಯಾರೂ ಕೂಗಿರಲಿಲ್ಲ, ಇವರು ಆಗಲೇ ಹೆಗಲು ಮುಟ್ಟಿಕೊಂಡಿದ್ದರು.

“ನಿಮಗೆ ಹೇಗೆ ಗೊತ್ತು?” ಬೆಸುಗೆಯಕ್ಕ ಕೇಳಿದಳು.

“ಏನು?”

“ಅಂಕಿ ಒರೆಸಿಹೋಗಿರೋದು. ಕತ್ತು ಇನ್ನೂ ಒಡಲಲ್ಲೇ ಕೂತಿದೆ. ಒಳಗಿರೋದು ಕಾಣಬೇಕಾದ್ರೆ ನಾಲ್ಕೂ ಸ್ಕ್ರೂ ಬಿಚ್ಚಬೇಕು.”

“ಅದು... ಮಾವನವರು ಹೇಳ್ತಿದ್ರು.”

“ಮಾವನವರು ಒಂದು ಸ್ಕ್ರೂನೂ ತಿರುಗಿಸಿಲ್ಲ ಅಂದ್ರಿ. ಕಾಗದದಲ್ಲಿ ಸೈನೂ ಇದೆ ಅಂದ್ರಿ.”

“ಅದಕ್ಕೂ ಮುಂಚೆ, ಕೊಳ್ಳೋವಾಗ ನೋಡಿರಬಹುದು.”

“ತಾತ ಇದನ್ನ ಕೊಂಡು ನಲವತ್ತು ವರ್ಷ ಆಯ್ತು. ಆಗ ನೋಡಿದ್ದನ್ನ, ಹೆಬ್ಬೆರಳು ತಾಗಿದ್ದೂ ಸೇರಿಸಿ ನಿಮಗೆ ಹೇಳಿದ್ರಾ? ಮದುವೆಗೆ ಮುಂಚೆಯೋ, ಆಮೇಲೋ?”

ಅಳಿಯ ದೇವರ ಇಸ್ತ್ರಿ ಮೊದಲ ಸಲ ಕೆಟ್ಟಿತು. ಅವರು ಇನ್ಸ್‌ಪೆಕ್ಟರ್ ಕಡೆ ತಿರುಗಿದರು. “ಇದೇನು ಸಾರ್, ಬೆಲೆ ಕಟ್ಟೋಕೆ ಕರೆಸಿದೀರೋ, ನನ್ನ ವಿಚಾರಣೆ ಮಾಡಿಸೋಕೆ ಕರೆಸಿದೀರೋ?”

“ಬೆಲೆ ಕಟ್ಟೋಕೇ,” ಎಂದರು ಇನ್ಸ್‌ಪೆಕ್ಟರ್. ಪೆನ್ನು ಕೆಳಗಿಟ್ಟರು. “ಅಕ್ಕ, ನೀವು ಮುಂದುವರಿಸಿ.”

ಮೊನ್ನೆಯಿಂದೀಚೆಗೆ ಮೊದಲ ಸಲ ಬೆಸುಗೆಯಕ್ಕನ ಬೆನ್ನು ನೆಟ್ಟಗಾಯಿತು. ನಾಲ್ಕು ಸ್ಕ್ರೂಗಳ ತಲೆಗೆ ಭೂತಗನ್ನಡಿ ಹಿಡಿದಳು. “ನೋಡಿ ಸಾರ್. ತಗಡಿನ ಅಂಚಲ್ಲಿ ಧೂಳಿನ ಗೆರೆ ಕಡಿದುಹೋಗಿದೆ. ಇದನ್ನ ಬಿಚ್ಚಿ ಹಾಕಿದಾರೆ, ಬಹಳ ದಿನ ಆಗಿಲ್ಲ. ಸ್ಕ್ರೂ ತಲೆ ಮಾತ್ರ ಒಂದು ಚೂರೂ ಸವೆದಿಲ್ಲ. ಗೊತ್ತಿಲ್ಲದವರು ಬಿಚ್ಚಿದ್ರೆ ಸ್ಕ್ರೂಡ್ರೈವರ್ ಜಾರಿ ಗಾಯ ಆಗೋದು. ಇದು ಕಸುಬು ಬಲ್ಲ ಕೈ.”

“ನಿಮ್ಮ ತಮ್ಮನಿಗೂ ಕಸುಬು ಗೊತ್ತು.”

“ಗೊತ್ತು. ಆದ್ರೆ ಅವನಿಗೊಂದು ಚಟ ಇದೆ. ಯಾವ ಗಿಟಾರಿನ ಕತ್ತು ಬಿಚ್ಚಿದ್ರೂ ಪಕ್ಕದಲ್ಲಿ ತನ್ನ ತಾರೀಕೂ ಬರೀತಾನೆ. ಎಷ್ಟು ಬೈದಿದೀನೋ ಲೆಕ್ಕ ಇಲ್ಲ, ಬಿಟ್ಟಿಲ್ಲ. ಅವನು ಬಿಚ್ಚಿದ್ರೆ ಒಳಗೆ ಎರಡು ತಾರೀಕು ಇರಬೇಕು. ಒಂದೇ ಇದ್ರೆ ಇನ್ಯಾರೋ ಬಿಚ್ಚಿದಾರೆ, ಇವರಿಗೆ ಅದನ್ನ ತೋರಿಸಿದಾರೆ. ಆ ಇನ್ಯಾರೋನ ಹುಡುಕಿ ಸಾರ್. ಗಿಟಾರು ಮನೆಯಿಂದ ಹೇಗೆ ಹೊರಗೆ ಬಂತು, ತಾತ ಹೇಗೆ ಬಿದ್ರು, ಎಲ್ಲ ಆ ಕೈಗೆ ಗೊತ್ತಿರುತ್ತೆ. ಅವರನ್ನ ಬಿಡಬೇಡಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದೆಲ್ಲ ಕ್ಯಾಮೆರಾದೊಳಗೆ ಹೋಗಿ ಕೂತಿತು.

“ಬಿಚ್ಚಿ,” ಎಂದರು ಇನ್ಸ್‌ಪೆಕ್ಟರ್.

ಮೂರು ಸ್ಕ್ರೂ ಸಲೀಸಾಗಿ ಬಂದವು. ನಾಲ್ಕನೆಯದೂ ಬಂತು. ಅವಳು ಕತ್ತನ್ನು ಹಿಡಿದು ಒಂದಿಷ್ಟು ಅಲುಗಿಸಿದಳು, ಅದು ಕಿರ್ ಎಂದು ಒಡಲಿನಿಂದ ಬಿಡಿಸಿಕೊಂಡಿತು. ಬುಡದಲ್ಲಿ ಪೆನ್ಸಿಲಿನ ತಾರೀಕು. ಕೊನೆಯ ಅಂಕಿ ಹೆಬ್ಬೆರಳಿಗೆ ಸಿಕ್ಕಿ ಒರೆಸಿಹೋಗಿತ್ತು. ಅಕ್ಷರಶಃ ಅಳಿಯ ದೇವರು ಹೇಳಿದ ಹಾಗೇ.

ಅದರ ಪಕ್ಕದಲ್ಲಿ ಏನೂ ಇರಲಿಲ್ಲ. ಬೋಳು ಮರ.

“ಒಂದೇ ಇದೆ!” ಬೆಸುಗೆಯಕ್ಕ ಕೂಗಿಯೇಬಿಟ್ಟಳು. “ಒಂದೇ ತಾರೀಕು ಸಾರ್. ನೋಡಿ, ನೋಡಿ. ನನ್ನ ತಮ್ಮ ಅಲ್ಲ.”

ಕಣ್ಣು ಒದ್ದೆಯಾಯಿತು. ಮುಂಗೈಯಿಂದ ಒರೆಸಿಕೊಂಡು, ಖುಷಿಯಲ್ಲೇ, ಕತ್ತು ಕೂರುವ ಗುಳಿಯ ಕಡೆ ನೋಡಿದಳು.

ಗುಳಿಯೊಳಗೆ ಒಂದು ರಟ್ಟಿನ ತುಂಡು ಇತ್ತು.

ಅದರಲ್ಲಿ ವಿಶೇಷವೇನೂ ಇಲ್ಲ. ಕತ್ತಿನ ಓರೆ ಸರಿಯಿಲ್ಲದಿದ್ದರೆ ತಂತಿ ಮೇಲೆದ್ದು ಬೆರಳು ನೋಯುತ್ತದೆ; ಆಗ ಗುಳಿಯಲ್ಲಿ ತೆಳುವಾದ ಏನಾದರೊಂದನ್ನು ಕತ್ತರಿಸಿ ಇಡುತ್ತಾರೆ. ಯಾರ ಕೈಗೆ ಏನು ಸಿಗುತ್ತದೋ ಅದು. ತಮ್ಮ ಮರದ ಸಿಪ್ಪೆ ಇಡುತ್ತಾನೆ. ಕೆಲವರು ಹಳೆಯ ಬಸ್ ಟಿಕೆಟು ಮಡಿಸಿ ಇಡುತ್ತಾರೆ. ಬೆಸುಗೆಯಕ್ಕನ ಮೇಜಿನ ಮೇಲೆ ಯಾವಾಗಲೂ ಇರುವುದು ಅವಳ ಥೈರಾಯ್ಡ್ ಮಾತ್ರೆಯ ಖಾಲಿ ಡಬ್ಬಿ, ನೇರಳೆ ಪಟ್ಟಿಯದು.

ಗುಳಿಯಲ್ಲಿದ್ದ ರಟ್ಟಿನ ಮೇಲೆ ನೇರಳೆ ಪಟ್ಟಿ ಇತ್ತು.

ಪಟ್ಟಿಯ ಎರಡು ಬದಿಗೆ, ಸ್ಕ್ರೂ ಹಾಯಲೆಂದು, ಎರಡು ತೂತು. ಅಚ್ಚುಕಟ್ಟಾಗಿ ದುಂಡಗಿದ್ದ ತೂತು. ಅವನ್ನು ದಬ್ಬಳದಿಂದ ಚುಚ್ಚಿರಲಿಲ್ಲ. ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮಷೀನಿನಿಂದ ಒತ್ತಿದ್ದರು.

ಈ ಲೋಕದಲ್ಲಿ ಗಿಟಾರಿನ ರಟ್ಟಿಗೆ ಪಂಚಿಂಗ್ ಮಷೀನು ಬಳಸುವವಳು ಒಬ್ಬಳೇ. “ಇದೇನೇ, ಆಫೀಸ್ ಫೈಲಾ?” ಎಂದು ಅವಳನ್ನು ಬೈದವಳೂ ಬೆಸುಗೆಯಕ್ಕನೇ. “ತೂತು ದುಂಡಗಿರಬೇಕು ತಾನೇ ಅಮ್ಮ? ಇದಕ್ಕಿಂತ ದುಂಡಗೆ ನೀನು ಮಾಡಿ ತೋರಿಸು,” ಎಂದು ನಕ್ಕಿದ್ದಳು ಮಗಳು.

ಊರಲ್ಲಿ ಇದನ್ನು ಬಲ್ಲವರು ಇಬ್ಬರಲ್ಲ, ಮೂವರು. ಮೂರನೆಯವಳಿಗೆ ಇಪ್ಪತ್ತೆರಡು ವಯಸ್ಸು.

ಕಳ್ಳರಾಗಿದ್ದರೆ ಬಿಚ್ಚಿ, ನೋಡಿ, ಮತ್ತೆ ಸ್ಕ್ರೂ ಬಿಗಿದು ಎದ್ದುಹೋಗುತ್ತಿದ್ದರು. ಓರೆಯಾದ ಕತ್ತನ್ನು ಕಂಡ ಮೇಲೆ ಹಾಗೇ ಬಿಡಲು ಆ ಹುಡುಗಿಯ ಕೈಗೆ ಬರುವುದಿಲ್ಲ. “ಬಿಚ್ಚಿದ ಮೇಲೆ ಇದ್ದುದಕ್ಕಿಂತ ಒಂದು ಕೂದಲೆಳೆ ಚೆನ್ನಾಗಿ ಕೂರಿಸಬೇಕು,” ಎಂದು ಹತ್ತು ವರ್ಷದವಳಿದ್ದಾಗಿನಿಂದ ಕಿವಿ ಹಿಂಡಿ ಕಲಿಸಿದ್ದು ಹೆತ್ತ ತಾಯಿ. ಕಲಿತ ವಿದ್ಯೆ ಈಗ ಗುಳಿಯಲ್ಲಿ ಸಾಕ್ಷಿ ಹೇಳುತ್ತ ಕೂತಿತ್ತು.

ತಮ್ಮ ಯಾಕೆ ಬಾಯಿಗೆ ಬೀಗ ಹಾಕಿಕೊಂಡ ಎಂಬುದೂ ಅವಳಿಗೆ ಆಗಲೇ ಹೊಳೆಯಿತು. ಅಕ್ಕನ ಮಗಳು ಗಿಟಾರು ತಂದು “ಮಾಮ, ಇದನ್ನ ಇಟ್ಕೊಂಡಿರು” ಅಂದರೆ, ಯಾಕೆ ಎಂದೂ ಕೇಳದೆ ಮಂಚದ ಕೆಳಗೆ ತಳ್ಳುವ ಸೋದರಮಾವ ಅವನು. ನಂಬರು ತೀಡಿದ್ದೂ ಅವನೇ ಇರಬೇಕು. ಅವಳ ಕಿವಿಯೋಲೆ ಕಳೆದುಹೋದಾಗ ತಾನೇ ಕಳೆದೆ ಎಂದು ಹೇಳಿ ಬೈಸಿಕೊಂಡವನು, ಇವತ್ತು ಕೊಲೆಯನ್ನೇ ತಲೆಗೆ ಕಟ್ಟಿಕೊಂಡು ಕೂತಿದ್ದ.

ಮಗಳೆಲ್ಲಿ? ತಾತ ಸತ್ತ ಮಾರನೆಯ ದಿನವೇ, ತಾಯಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಬ್ಯಾಗು ತೆಗೆದುಕೊಂಡು ಹೊರಟುಹೋಗಿದ್ದಳು. ಬೇರೆ ಊರಿನ ವಾದ್ಯದಂಗಡಿಯಲ್ಲಿ ಕೆಲಸ ಸಿಕ್ಕಿತು ಎಂದು ದಾರಿಯಿಂದ ಮೆಸೇಜು. ಹೇಳದೆ ಹೋದಳಲ್ಲ ಎಂದು ಬೆಸುಗೆಯಕ್ಕನಿಗೆ ರೋಷ. ಅವಳೇ ಫೋನು ಮಾಡಲಿ ಎಂದು ಬಿಗುಮಾನದಲ್ಲಿ ಕೂತಿದ್ದಳು. ದಿನಾ ಸಂಜೆ ಮೆಸೇಜು ಬರುತ್ತಿತ್ತು: ಊಟ ಆಯ್ತು ಅಮ್ಮ, ಚೆನ್ನಾಗಿದೀನಿ. ಇವಳು “ಸರಿ” ಎಂದು ಒಂದೇ ಪದ ಹಾಕುತ್ತಿದ್ದಳು.

“ಅದೇನು ಅಕ್ಕ?” ಇನ್ಸ್‌ಪೆಕ್ಟರ್ ಮುಂದೆ ಬಾಗಿದರು.

“ರಟ್ಟು.”

“ಅಸಲೀನಾ?”

“ಅಲ್ಲ. ಆಮೇಲೆ ಹಾಕಿದ್ದು. ಬೆಲೆಗೇನೂ ಆಗಲ್ಲ.” ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು. ಬೆಳಿಗ್ಗೆಯಿಂದ ಒಂದು ನಕಲಿಗಾಗಿ ಬೇಡಿಕೊಂಡಿದ್ದಳಲ್ಲ, ಸಿಕ್ಕಿತು.

ಇನ್ಸ್‌ಪೆಕ್ಟರ್ ಚಿಮುಟದಿಂದ ರಟ್ಟನ್ನು ಎತ್ತಿ ಬೆಳಕಿಗೆ ಹಿಡಿದರು. “ಮಾತ್ರೆ ಡಬ್ಬಿ. ತಯಾರಾದ ತಿಂಗಳೂ ಇದೆ ಇಲ್ಲಿ. ಹೋದ ತಿಂಗಳದ್ದು. ನೀವು ಹೇಳಿದ್ದು ಸರಿ ಅಕ್ಕ, ಕಸುಬು ಬಲ್ಲ ಕೈ. ಯಾರ ಕೈ?”

ಅತ್ತ ದರಿ, ಇತ್ತ ಪುಲಿ. ಗೊತ್ತಿಲ್ಲ ಎಂದರೆ ಮಾತ್ರೆಯ ಜಾಡು ಹಿಡಿದು ನಾಳೆ ಅವಳ ಮೇಜಿಗೇ ಬರುತ್ತಾರೆ, ಮೇಜಿನ ಪಕ್ಕದ ಪಂಚಿಂಗ್ ಮಷೀನನ್ನು ನೋಡುತ್ತಾರೆ, ಇದು ಯಾರದು ಎಂದು ಕೇಳುತ್ತಾರೆ. ತಮ್ಮನದು ಎಂದರೆ ಅವನನ್ನು ತಾನೇ ನೇಣಿಗೆ ಹಾಕಿದ ಹಾಗೆ. ಯೋಚಿಸಲು ಅವಳಿಗೆ ಇದ್ದದ್ದು ಒಂದು ಉಸಿರಿನಷ್ಟು ಹೊತ್ತು.

“ನನ್ನದೇ,” ಎಂದಳು.

“ಏನಂದ್ರಿ?”

“ನಾನೇ ಬಿಚ್ಚಿದ್ದು ಸಾರ್. ಅದು ನನ್ನ ಮಾತ್ರೆ ಡಬ್ಬಿ. ಇವರೇ ನನ್ನ ಹತ್ರ ತಂದಿದ್ರು,” ಎಂದು ಅಳಿಯ ದೇವರ ಕಡೆ ಕೈ ತೋರಿಸಿದಳು.

ಇನ್ಸ್‌ಪೆಕ್ಟರ್ ರಟ್ಟನ್ನು ಮೇಜಿನ ಮೇಲಿಟ್ಟರು. “ಹತ್ತು ನಿಮಿಷದ ಹಿಂದೆ ಆ ಕೈ ಹುಡುಕಿ, ಬಿಡಬೇಡಿ ಅಂದಿದ್ದು ನೀವೇ.”

“ಮರ್ತಿದ್ದೆ.”

“ಒಂದು ಮನೆ ಬೆಲೆಬಾಳೋ ಗಿಟಾರು ಬಿಚ್ಚಿದ್ದನ್ನ ಮರ್ತಿದ್ರಿ.”

“ವಯಸ್ಸಾಯ್ತು ಸಾರ್.” ಪೇದೆಗೂ ನಗು ಬಂತು. ಬೆಸುಗೆಯಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನೇನು ಅಳಿಯ ದೇವರು ಇಲ್ಲ ಅನ್ನುತ್ತಾರೆ, ಸುಳ್ಳು ಅಲ್ಲೇ ಬಯಲಾಗುತ್ತದೆ ಎಂದು ಕಣ್ಣು ಮುಚ್ಚಿದಳು.

“ಹೌದು ಸಾರ್,” ಎಂದರು ಅಳಿಯ ದೇವರು.

ಕಣ್ಣು ತೆರೆದಳು.

“ಇವರ ಹತ್ರಾನೇ ತಗೊಂಡು ಹೋಗಿದ್ದೆ. ಮಾವನವರಿಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ ಅಂತ ಮುಚ್ಚಿಟ್ಟಿದ್ದೆ, ನನ್ನದೂ ತಪ್ಪೇ. ಬೆಲೆ ಎಷ್ಟಾಗುತ್ತೆ ಅಂತ ತಿಳ್ಕೊಳ್ಳೋಕೆ ಅಷ್ಟೇ. ಅಕ್ಕ ಬಿಚ್ಚಿ ತಾರೀಕು ತೋರಿಸಿದ್ರು. ಅದಕ್ಕೇ ಆ ಅಂಕಿ ವಿಷಯ ಗೊತ್ತಿತ್ತು ನನಗೆ.” ಅಂಗಿಯ ತೋಳು ಸರಿಮಾಡಿಕೊಂಡರು. ಇಸ್ತ್ರಿ ಮತ್ತೆ ಕೂತಿತು.

ಇನ್ಸ್‌ಪೆಕ್ಟರ್ ಒಬ್ಬರಿಂದ ಇನ್ನೊಬ್ಬರಿಗೆ ಕಣ್ಣು ಹಾಯಿಸಿದರು. ಆಮೇಲೆ ನಿಧಾನವಾಗಿ ಬರೆಯತೊಡಗಿದರು.

“ನಂಬಿದೆ ಅಂತ ತಿಳ್ಕೋಬೇಡಿ. ಆದ್ರೆ ಒಂದಂತೂ ಆಯ್ತು ಅಕ್ಕ. ಇವರು ನಿಮ್ಮ ಹತ್ರ ತಂದ ಗಿಟಾರು, ನೀವೇ ರಟ್ಟು ಇಟ್ಟ ಗಿಟಾರು ಇದೇ ಅಂದ್ರೆ, ಇದು ತಾತನದು. ನಿಮ್ಮ ತಮ್ಮ ಬಿಡಿಭಾಗ ಜೋಡಿಸಿ ಕಟ್ಟಿದ್ದಲ್ಲ. ಇಷ್ಟು ಹೊತ್ತು ಬರೀ ಅಸಲಿ ಅಂದ್ರಿ, ಈಗ ತಾತನದೇ ಅಂತ ನೀವೇ ಹೇಳಿದ ಹಾಗಾಯ್ತು.”

ಬೆಸುಗೆಯಕ್ಕ ಅದನ್ನು ಯೋಚಿಸಿರಲಿಲ್ಲ. ಮಗಳನ್ನು ಪಾರುಮಾಡುವ ಅವಸರದಲ್ಲಿ ತಮ್ಮನ ಕೈ ಬಿಟ್ಟಿದ್ದಳು. ತನ್ನ ಕೈ ಕಂಬಳಿಯನ್ನು ಹಿಂಡುತ್ತಿರುವುದನ್ನು ತಾನೇ ನೋಡುತ್ತ ಕೂತಳು.

“ಕ್ಯಾಮೆರಾ ನಿಲ್ಲಿಸಮ್ಮ. ಬೆಲೆಯ ಕಾಗದ ಟೈಪ್ ಮಾಡಿಸ್ಕೊಂಡು ಬರ್ತೀನಿ, ಅಕ್ಕ ಸೈನ್ ಹಾಕಿ ಹೋಗಲಿ,” ಎಂದು ಇನ್ಸ್‌ಪೆಕ್ಟರ್ ಎದ್ದರು. ಪೇದೆ ಕ್ಯಾಮೆರಾ ತೆಗೆದುಕೊಂಡು ಬಾಗಿಲಾಚೆ ಹೋಗಿ, ಬೆನ್ನು ಹಾಕಿ ನಿಂತಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ಅಳಿಯ ದೇವರು ಎದ್ದು ಫ್ಯಾನಿನ ಸ್ವಿಚ್ಚು ಹಾಕಿದರು. ಅದು ಗರಗರ ಸದ್ದು ಮಾಡುತ್ತ ತಿರುಗತೊಡಗಿತು. ಆ ಸದ್ದಿನ ಮರೆಯಲ್ಲಿ ಅವರು ಮೇಜಿನ ಹತ್ತಿರ ಬಂದು, ತಮ್ಮ ಮಾವನ ಗಿಟಾರನ್ನು ನೋಡುವವರ ಹಾಗೆ ಬಾಗಿದರು.

“ನನ್ನ ಪರ ಯಾಕೆ ಹೇಳಿದ್ರಿ?” ಬೆಸುಗೆಯಕ್ಕ ಪಿಸುಗುಟ್ಟಿದಳು.

“ನಿಮ್ಮ ಪರ ಅಲ್ಲ ಅಕ್ಕ, ಸುಳ್ಳಿನ ಪರ. ಒಳ್ಳೇ ಸುಳ್ಳು. ಇದನ್ನೇ ಹಿಡ್ಕೊಂಡಿರಿ.” ದನಿಯಲ್ಲಿ ಮನೆಯ ಹಿರಿಯನ ವಾತ್ಸಲ್ಯವಿತ್ತು. “ಇವತ್ತು ಸಂಜೇನೂ ಮೆಸೇಜು ಬರುತ್ತೆ. ಊಟ ಆಯ್ತು ಅಂತ. ಬರೀ ‘ಸರಿ’ ಅಂತ ಹಾಕ್ಬೇಡಿ ಈ ಸಲ. ಮಗು ಓದಿದ್ರೆ ಅಳುತ್ತೆ.”

ಬೆಸುಗೆಯಕ್ಕ ತಾನು ಕಳಿಸುತ್ತಿದ್ದ ಆ ಒಂದು ಪದವನ್ನು ಯಾರಿಗೂ ಹೇಳಿರಲಿಲ್ಲ. ಮಗಳ ಫೋನು ನೋಡಿದವರಿಗಲ್ಲದೆ ಅದು ಗೊತ್ತಾಗುವಂತಿರಲಿಲ್ಲ.

“ನನ್ನ ಮಗಳು ಎಲ್ಲಿ?”

ಅಳಿಯ ದೇವರು ತಮ್ಮ ಕುರ್ಚಿಗೆ ಹಿಂತಿರುಗಿ, ಫೈಲನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಬಾಗಿಲು ತೆರೆಯಿತು. ಇನ್ಸ್‌ಪೆಕ್ಟರ್ ಬೆಚ್ಚಗಿನ ಕಾಗದವೊಂದನ್ನು ಅವಳ ಮುಂದಿಟ್ಟು, ಬೆರಳಿನಿಂದ ಜಾಗ ತೋರಿಸಿದರು.

“ಇಲ್ಲಿ. ಎಲ್ಲ ಭಾಗಗಳೂ ಅಸಲಿ, ನಾನು ಹೇಳಿದ್ದೆಲ್ಲ ನಿಜ ಅಂತ ನಿಮ್ಮ ಕೈಯಾರೆ ಬರೆದು ಸೈನ್ ಮಾಡಿ.”

ಅವಳು ಪೆನ್ನು ತೆಗೆದುಕೊಂಡಳು.